ಇನ್ನೂರ ನಲವತ್ತರೊಳಗೆ

ಬೆಲೆ ಮೊದಲು ಕೇಳುವವರು ಬರಿಗೈಲಿ ಹೋಗುತ್ತಾರೆ.
ವಾಂಡಾ ಟ್ಯಾಕೆಟ್ ಮೊದಲು ಕೇಳಿದ್ದು,
"ಇದು ಕೈ ಕೊಡುವುದಿಲ್ಲ ತಾನೆ?"

ಆಮೇಲೆ ಕಾಫಿಪುಡಿಯ ಡಬ್ಬಿ ಬೋರಲು ಹಾಕಿ ಎಣಿಸಿದಳು:
ಐದರ ನೋಟು, ಒಂದರ ನೋಟು, ಚಿಲ್ಲರೆಯ ಒಂದು ಸುರುಳಿ.
ಇನ್ನೂರ ನಲವತ್ತು. ತೆರಿಗೆ ಸೇರಿ, ಎಂದಳು.

ಕೆಂಟಕಿಯ ಈ ಕಣಿವೆಯಲ್ಲಿ
ಗಣಿ ಮುಚ್ಚಿದ ವರ್ಷದಿಂದ ನನ್ನದು ಒತ್ತೆ ಅಂಗಡಿ.
ಗೋಡೆಗೆ ಬ್ಯಾಂಜೋ, ಗರಗಸ, ಮಕ್ಕಳ ಸೈಕಲ್ಲು;
ಗಾಜಿನ ಕೆಳಗೆ ಇವು, ಮಗ್ಗುಲಾಗಿ ಮಲಗಿದಂತೆ.
ಯಾಕೆ ಬೇಕು ಎಂದು ಕೇಳುವ ಚಾಳಿ ನನಗಿಲ್ಲ.
ಕೇಳಿದರೆ ಹೇಳುತ್ತಾರೆ; ಹೇಳಿದರೆ ನೆನಪಿರುತ್ತದೆ.

ಹೊಸದನ್ನು ತೋರಿಸಿದೆ. ನೂರ ಎಪ್ಪತ್ತೊಂಬತ್ತು.
ರಟ್ಟಿನ ವಾಸನೆ ಇನ್ನೂ ಹೋಗಿಲ್ಲ,
ಅಗ್ಗದ ಸತುವಿನ ಎರಕ, ಇಟ್ಟಿಗೆಯ ತೂಕ.
"ಸಾಮಾನ್ಯವಾಗಿ ಹಾರುತ್ತದೆ," ಎಂದೆ.
"ಸಾಮಾನ್ಯವಾಗಿ," ಎಂದಳು,
ಕೊಳೆತದ್ದೇನೋ ಎಂದು ಹಣ್ಣನ್ನು ಒತ್ತಿ ನೋಡುವವಳಂತೆ.
"ನನ್ನ ಕಾರೂ ಸಾಮಾನ್ಯವಾಗಿ ಹೊರಡುತ್ತದೆ.
ವರ್ನನ್ ಕೂಡ ಸಾಮಾನ್ಯವಾಗಿ ಒಳ್ಳೆಯವನೇ."

ನಾನು ಏನೂ ಕೇಳಿರಲಿಲ್ಲ.

ಎರಡನೆಯದು ಗಟ್ಟಿ ಮಾಲು, ಪೊಲೀಸರು ಬಳಸಿ ಬಿಟ್ಟದ್ದು.
ಇನ್ನೂರ ತೊಂಬತ್ತು. ಹೇಗಾದರೂ ಇಳಿಸುತ್ತಿದ್ದೆ.
ಮೇಲ್ಭಾಗವನ್ನು ಹಿಂದಕ್ಕೆ ಎಳೆಯಬೇಕು. ಎಳೆದಳು.
ಅರ್ಧಕ್ಕೆ ನಿಂತಿತು.
ಹತ್ತೊಂಬತ್ತು ವರ್ಷ ಹಾಸಿಗೆ ಹಿಡಿದವರನ್ನು
ಎತ್ತಿ, ಹೊರಳಿಸಿ, ಒರೆಸಿದ ಮಣಿಕಟ್ಟು,
ಗಂಟು ಊದಿದ ಹೆಬ್ಬೆರಳು.
ಮತ್ತೆ ಎಳೆದಳು. ಮತ್ತೆ.
ಕೆಳಗಿಟ್ಟು, ಗಾಜಿನ ಮೇಲಿನ ತನ್ನ ಬೆರಳಚ್ಚನ್ನು
ಅಂಗಿಯ ತೋಳಿನಿಂದ ಒರೆಸಿದಳು.

ಮೂರನೆಯದನ್ನು ತೆಗೆಯುವ ಮನಸ್ಸಿರಲಿಲ್ಲ ನನಗೆ.
ಹಳೆಯ ರಿವಾಲ್ವರು. ಬಣ್ಣ ಹೋಗಿ ಅಂಚೆಲ್ಲ ಬೆಳ್ಳಗೆ,
ಮರದ ಹಿಡಿಯಲ್ಲಿ ಯಾರೋ ಚಾಕುವಿನಿಂದ ಗೀರಿದ ಎರಡು ಅಕ್ಷರ.
ಯಾರೋ ಅಂದರೆ ಅರ್ಲಿಸ್ ಸ್ಟಿಡಮ್; ಅವನ ಮಗಳು
ಒತ್ತೆ ಇಟ್ಟು ಹೋದವಳು ಬಿಡಿಸಿಕೊಳ್ಳಲು ಬರಲಿಲ್ಲ.
ಎಳೆಯುವುದಿಲ್ಲ, ಸಿಕ್ಕಿಕೊಳ್ಳುವುದಿಲ್ಲ.
ಒಂದು ಹಾರದಿದ್ದರೆ ಇನ್ನೊಮ್ಮೆ ಒತ್ತು,
ಮುಂದಿನ ಮನೆ ತಾನೇ ತಿರುಗಿ ಬರುತ್ತದೆ.

"ಖಾಲಿಯೇ?" ತೆರೆದು ತೋರಿಸಿದೆ.
ತಾನೂ ನೋಡಿದಳು, ಕಿರುಬೆರಳಲ್ಲಿ ಒಂದೊಂದೇ ತೂತು ಮುಟ್ಟಿ.
ನೆಲದತ್ತ ತಿರುಗಿಸಿ, ಕಣ್ಣು ಮುಚ್ಚಿ
ಒತ್ತಿದಳು. ಟಿಕ್.
ಆರು ಸಲ.
ನಾಡಿ ಹಿಡಿದು ಕೂತವರು ಹೀಗೇ ಕೇಳಿಸಿಕೊಳ್ಳುತ್ತಾರೆ,
ತುಟಿಯಲ್ಲೇ ಎಣಿಸುತ್ತ.
"ಇದು," ಎಂದಳು.

ಅರ್ಜಿ ತುಂಬಿದಳು. ಹುಟ್ಟಿದ ದಿನ, ಎತ್ತರ, ತೂಕ,
ಶಿಕ್ಷೆಯಾಗಿತ್ತೇ, ಬುದ್ಧಿಭ್ರಮಣೆಯಾಗಿತ್ತೇ:
ಇಲ್ಲ, ಇಲ್ಲ, ಇಲ್ಲ.
ನಾನು ಫೋನು ಕಿವಿಗಿಟ್ಟು ಸರ್ಕಾರ ಮಾತಾಡಲೆಂದು ಕಾದೆ.
ಆ ಹೊತ್ತಿನಲ್ಲಿ ಅವಳೇ ಹೇಳಿದಳು,
ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ:
"ನಮ್ಮ ಹಳ್ಳದ ದಾರಿಗೆ ಷೆರೀಫ್ ಬರಲು ನಲವತ್ತು ನಿಮಿಷ.
ಅವನಿಗೆ ಹನ್ನೊಂದು. ಗಡಿಯಾರ ನೋಡಿದ್ದೇನೆ."

ಮಾರಬಹುದು, ಎಂದಿತು ಫೋನು.

ಇನ್ನೂರ ಹತ್ತು. ತೆರಿಗೆ ಹನ್ನೆರಡು ಅರವತ್ತು.
ಉಳಿದದ್ದು ಹದಿನೇಳು ಡಾಲರು, ನಲವತ್ತು ಸೆಂಟು.
ಐವತ್ತು ಗುಂಡಿನ ಪೆಟ್ಟಿಗೆಗೆ ಮೂವತ್ತೊಂದು.
ಅವಳು ಪೆಟ್ಟಿಗೆಯನ್ನು ನೋಡಿದಳು. ನಾನೂ ನೋಡಿದೆ.
"ಪರವಾಗಿಲ್ಲ, ಶುಕ್ರವಾರ ಸಂಬಳ.
ಅಲ್ಲಿಯವರೆಗೆ ಇದರೊಳಗೆ ಏನೂ ಇಲ್ಲವೆಂಬುದು
ನಮ್ಮಿಬ್ಬರಿಗೇ ಗೊತ್ತು, ಡೆಲ್ಮರ್."

ಕಾಗದದ ಚೀಲದಲ್ಲಿ ಸುತ್ತಿ ಕೊಟ್ಟೆ.
ಹೊರಗೆ ಕಾರು ಎರಡು ಸಲ ಕೆಮ್ಮಿ
ಮೂರನೆಯದಕ್ಕೆ ಹೊರಟಿತು.

ಆರು ಗುಂಡು ಬಿಡಿಯಾಗಿ ಎಣಿಸಿ ಕೊಡಬಹುದಿತ್ತು.
ಬೆನ್ನ ಹಿಂದೆಯೇ ಇತ್ತು ಕಪಾಟು.
ತಡೆದದ್ದು ಜಿಪುಣತನವೋ,
ಭಾನುವಾರ ಚರ್ಚಿನಲ್ಲಿ ವರ್ನನ್‌ನ ತಾಯಿ
ನನ್ನ ಮುಂದಿನ ಸಾಲಿನಲ್ಲೇ ಕೂರುತ್ತಾಳೆಂಬುದೋ,
ಅಥವಾ ಖಾಲಿ ಇದ್ದರೇ ಎಲ್ಲರಿಗೂ ಒಳ್ಳೆಯದೆಂಬ
ಹೆದರುಪುಕ್ಕಲ ವಿವೇಕವೋ.
ರಿವಾಲ್ವರು ಮಾತ್ರ ಕೈ ಕೊಡುವುದಿಲ್ಲ.
ಅದಕ್ಕೆ ನಾನು ಹೊಣೆ.

ದೀಪ ಆರಿಸಿ ಚಿಲಕ ಹಾಕಿದೆ. ಮತ್ತೆ ತೆಗೆದು,
ಒಳಗೆ ಬಂದು, ಸುಮ್ಮನೆ ನಿಂತೆ.
ಇವತ್ತು ಮಂಗಳವಾರ.