ಒಂದು ಹೆಚ್ಚು

ಬೆಳಗಿನ ಐದೂವರೆಗೆ ಏಳನೆಯ ಮಂಚದ ಹತ್ತಿರ ನಿಂತು ಕೇಳಿದೆ:
ಏನರ ತಿಂದೀರೇನು, ಕುಡದೀರೇನು?
ಇಲ್ರೀ, ಅಂದಳು.
ಜ್ವರ ನೋಡಿ, ಬಿಪಿ ಬರೆದು ಮತ್ತೆ ಕೇಳಿದೆ.
ಇಲ್ರೀ ಬಾಯಾರ.
ಹೊಟ್ಟೆ ಒರೆಸುತ್ತ ಮೂರನೆಯ ಸಲ,
ಮುಖ ನೋಡದೆ, ಮನೆಯವರನ್ನು ಕೇಳಿದ ಹಾಗೆ ಕೇಳಿದೆ.
ಒಂದ ಅರ್ಧಾ ಕಪ್ ಚಾ, ಅಂದಳು ಬನವ್ವ,
ನಾಕಕ್ಕ ತಂದಿದ್ರು ನಮ್ಮನಿಯವರು, ಥರ್ಮಾಸಿನ್ಯಾಗ,
ಬೆಟಗೇರಿಯಿಂದ ನಡಕೋತ ಬಂದಾರ ಪಾಪ,
ಹೆಂಗ ಒಲ್ಲೆ ಅನ್ನೂದು?

ಪಟ್ಟಿಯಲ್ಲಿ ಮೊದಲಿದ್ದವಳು ಮೂರನೆಯವಳಾದಳು.
ಆ ಅರ್ಧ ಕಪ್ಪು ನಿದ್ದೆಯಲ್ಲಿ ಮೇಲೆ ಬಂದು
ಉಸಿರಿನ ದಾರಿಗೆ ಇಳಿದರೆ ಏನಾದೀತೆಂದು
ಗಂಡನಿಗೆ ಬಿಡಿಸಿ ಹೇಳಿದೆ.
ಆತ ಥರ್ಮಾಸನ್ನು ಅಂಗಿಯೊಳಗೆ ಮುಚ್ಚಿಕೊಂಡು ನಿಂತ.

ತಾಳಿಯ ಕತೆ ಬೇರೆ, ಇನ್ನೊಮ್ಮೆ ಹೇಳುತ್ತೇನೆ.
ಬಳೆ ಕೈಗೆ ಹನ್ನೆರಡು, ಹಸಿರು.
ಲಾಳಿ ಎಸೆದೆಸೆದು ದಪ್ಪಗಾದ ಗೆಣ್ಣು,
ಸಾಬೂನು ನೀರಿನಲ್ಲಿ ಒಂದೊಂದಾಗಿ ಜಾರಿಸಿದೆ.
ಕೊನೆಯದು ಚಟ್ಟೆಂದಿತು.
ನನ್ನ ಕೈ ಅಲ್ಲೇ ನಿಂತುಬಿಟ್ಟಿತು.
ಹೆಚ್ಚಿತು ಬಿಡ್ರೀ, ಅಂದಳು ಮೆಲ್ಲಗೆ,
ಅವಳೇ ನನಗೆ ಸಮಾಧಾನ ಹೇಳಿದಳು.
ಒಡೆಯಿತು ಅನ್ನಬಾರದು ನಮ್ಮ ಕಡೆ.
ಒಂದು ಕಡಿಮೆಯಾದರೆ ಹೆಚ್ಚಿತು ಅನ್ನಬೇಕು.
ಲಕೋಟೆಯ ಮೇಲೆ ಬರೆದೆ:
ಬಳೆ ಇಪ್ಪತ್ಮೂರು, ಚೂರು ಮೂರು. ಗಂಡನ ಸಹಿ.

ನಮ್ಮದು ಸಣ್ಣ ದವಾಖಾನೆ,
ವಾರ್ಡಿನ ನರ್ಸೇ ಥೇಟರಿನ ನರ್ಸು.
ಹುಸೇನಸಾಬ ಟ್ರಾಲಿ ತಂದು ಬಾಗಿಲಲ್ಲಿ ನಿಲ್ಲಿಸಿದ.
ಹೆಸರೇನು? ಯಾವ ಆಪರೇಷನ್ನು? ಯಾವ ಕಡೆ ನೋವು?
ಎಷ್ಟ ಸಲ ಕೇಳ್ತೀರ್ರಿ ಸಿಸ್ಟರ,
ಹೆಣ್ಣ ನೋಡಾಕ ಬಂದಾಗ ಸೈತ ಇಷ್ಟ ಕೇಳಿದ್ದಿಲ್ಲ!
ನಗುವಾಗಲೂ ಅವಳ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು.
ಎರಡನೆಯ ಕಂಬಳಿ ಹೊದಿಸಿದೆ.
ಕೈಯೊಳಗೆ ಕೈ ಕೊಟ್ಟು, ಎಣಸ್ರಿ, ಅಂದೆ.
ಎಷ್ಟರ ತನಾ?
ಎಳಿ ಎಣಸೂ ಕೈರೀ ಇದು, ಸಾವಿರಕ್ಕೂ ಬ್ಯಾಸರಿಲ್ಲ.
ಹದಿನಾಲ್ಕರವರೆಗೆ ಬಂದಳು.
ಬಹಳ ಮಂದಿ ಆರು ದಾಟುವುದಿಲ್ಲ.

ಮುಂದೆ ಎಣಿಸುವ ಸರದಿ ನಮ್ಮದು.
ಗೋಡೆಯ ಹಲಗೆಯ ಮೇಲೆ: ದೊಡ್ಡ ಅರಿವೆ ಹತ್ತು,
ಸಣ್ಣವು ಇಪ್ಪತ್ತು, ಸೂಜಿ ನಾಲ್ಕು.
ಕಲ್ಲು ತುಂಬಿದ ಪಿತ್ತಚೀಲ ಬಟ್ಟಲಿಗೆ ಬಿತ್ತು.
ರೋಸಲಿನ್ ಎಣಿಸಿದಳು, ನಾನು ಎಣಿಸಿದೆ.
ದೊಡ್ಡವು ಒಂಬತ್ತು.
ಮತ್ತೊಮ್ಮೆ. ಒಂಬತ್ತು.
ಸಲೋಮಿ, ಬಿದ್ದಿರತೈತಿ ಎಲ್ಲೋ, ಮೂರಾತು,
ನನಗ ಹುಬ್ಬಳ್ಳಿ ಗಾಡಿ ಐತಿ, ಅಂದರು ಡಾಕ್ಟರು,
ಸೂಜಿಗೆ ಕೈ ಚಾಚಿ.

ಹತ್ತೊಂಬತ್ತು ವರ್ಷ ಹೂಂ ಸರ್ ಅಂದ ಬಾಯಿ ಇದು.
ಹೊರಗೆ ಒಂದು ಕಡಿಮೆಯಾದರೆ
ಒಳಗೆ ಒಂದು ಹೆಚ್ಚಾಗಿರುತ್ತದೆ.
ಇಲ್ಲ ಸರ್, ಅಂದೆ. ಹೊಲೀಬ್ಯಾಡ್ರಿ.
ಬಕೆಟ್ಟು ಬೋರಲು ಹಾಕಿದೆ,
ಹುಸೇನಸಾಬ ಮೇಜಿನ ಕೆಳಗೆ ಮೊಣಕಾಲೂರಿದ,
ನನ್ನ ಚಪ್ಪಲಿಯ ಅಡಿಯನ್ನೂ ನೋಡಿದೆ.
ಮಾತಾಡದೆ ಡಾಕ್ಟರು ಕೈ ಒಳಗಿಳಿಸಿದರು.
ಯಕೃತ್ತಿನ ಹಿಂದಿನಿಂದ ಬಂತು,
ರಕ್ತ ಕುಡಿದು ಮಾಂಸದ್ದೇ ಬಣ್ಣವಾಗಿದ್ದ ಅರಿವೆ.
ಹತ್ತು, ಅಂದಳು ರೋಸಲಿನ್.
ಹತ್ತು, ಅಂದೆ.
ಮತ್ತೆ ಯಾರೂ ಅದರ ಸುದ್ದಿ ಎತ್ತಲಿಲ್ಲ.
ಗಾಡಿ ತಪ್ಪಿತೋ ಸಿಕ್ಕಿತೋ, ಕೇಳಲಿಲ್ಲ.

ಸಂಜೆ ಅರೆಗಣ್ಣಿನಲ್ಲೇ ಲಕೋಟೆ ಇಸಕೊಂಡಳು.
ಎದೆಯ ಮೇಲೆ ಸುರುವಿಕೊಂಡು ಎಣಿಸಿದಳು,
ನಡುವೆ ನಿದ್ದೆಗೆ ಜಾರಿ, ಮತ್ತೆ ಮೊದಲಿನಿಂದ.
ಇಪ್ಪತ್ಮೂರು. ಚೂರ ಎಲ್ಲಿ?
ಅವನ್ನೂ ಕೊಟ್ಟೆ.
ಬರೋಬ್ಬರಿ ಐತಿ, ಅಂದಳು.
ಬಾಯಿ ಒಣಗೇತ್ರಿ ಸಿಸ್ಟರ, ಒಂದ ಅರ್ಧಾ ಕಪ್...
ನಾಳೆ, ಅಂದೆ.
ಹತ್ತಿಯ ಉಂಡೆ ಒದ್ದೆ ಮಾಡಿ ತುಟಿಗೆ ಒತ್ತಿದೆ,
ತೆಗೆದು ಬುಟ್ಟಿಗೆ ಹಾಕಿದೆ.
ಒಂದು, ಅಂದುಕೊಂಡೆ.