ಹುಕ್ಕು, ಕಾಜಾ, ಎರಡು ಅಂಕ

ಮೂವತ್ತು ವರ್ಷದಿಂದ ಶ್ರೀರಾಮಪುರ ನನ್ನನ್ನ
ಮಾಸ್ಟ್ರೇ ಅಂತ ಕರೆದಿದೆ.
ಪಾಠ ಮಾತ್ರ ಒಬ್ಬರೂ ಕೇಳಿರಲಿಲ್ಲ.

ನಾಳೆ ಹತ್ತಕ್ಕೆ ತಬಸ್ಸುಮ್‌ಗೆ ಸೈಕಾಲಜಿ ಪರೀಕ್ಷೆ.
ಇವತ್ತು ರಾತ್ರಿಯೊಳಗೆ ಹದಿನಾಲ್ಕು ರವಿಕೆ, ಮದುವೆ ಮನೆಯವು,
ಹುಕ್ಕು ಹಾಕೋಳು ಅವಳೇ.
ಅವಳ ಎರಡೂ ಕೈ ಬಟ್ಟೆಯಲ್ಲಿ,
ಚೀಟಿಗಳು ನನ್ನ ಕೈಗೆ ಬಂದವು.
ಹಳೇ ಲಗ್ನಪತ್ರಿಕೆ ಕತ್ತರಿಸಿ ಮಾಡಿದ್ದು:
ಒಂದು ಕಡೆ ಯಾರದೋ ಮದುವೆಯ ಅರ್ಧ ಗಣಪತಿ,
ಇನ್ನೊಂದು ಕಡೆ ಪ್ರಶ್ನೆ, ಅದರ ಕೆಳಗೇ ಉತ್ತರ.
'ಸರಿ, ತಪ್ಪು ಅಂದ್ರೆ ಸಾಕು ಮಾಸ್ಟ್ರೇ,
ಅರ್ಥ ಆಗ್ಲೇಬೇಕು ಅಂತಿಲ್ಲ.'

ಅಲ್ಪಾವಧಿ ಸ್ಮೃತಿ ಎಷ್ಟು ಹಿಡಿಯುತ್ತೆ?
'ಏಳು. ಎರಡು ಹೆಚ್ಚು, ಎರಡು ಕಮ್ಮಿ.'
ಸರಿ ಅಂದೆ. ಆಮೇಲೆ ಬೆರಳು ಮಡಿಸಿದೆ:
ಎದೆ, ಸೊಂಟ, ಭುಜ, ತೋಳುದ್ದ, ತೋಳ ಸುತ್ತು,
ಮುಂಗತ್ತು, ಬೆನ್ನು.
ಎಂಟನೇ ಅಳತೆ ಬಂದಾಗೆಲ್ಲ
ನಾನು ಪೆನ್ಸಿಲು ಹುಡುಕ್ತೀನಿ.

ಬಣ್ಣದ ಸ್ಥಿರತೆ?
'ಬೆಳಕು ಬದಲಾದ್ರೂ ಬಣ್ಣ ಅದೇ ಅಂತ ಮನಸ್ಸು ನಂಬೋದು.'
ತಪ್ಪು, ಅಂದೆ.
ಇದನ್ನ ಬರೆದೋರು ಮ್ಯಾಚಿಂಗ್ ಸೆಂಟರಿನ ಟ್ಯೂಬ್‌ಲೈಟಲ್ಲಿ
ಗಿಣಿಹಸಿರು ಲೈನಿಂಗ್ ಆರಿಸಿ ತಂದು
ಮಧ್ಯಾಹ್ನ ಬಿಸಿಲಿಗೆ ಹಿಡಿದು
ಗಿರಾಕಿ ಹತ್ರ ಬೈಸಿಕೊಂಡೋರಲ್ಲ.
'ತಪ್ಪಿದ್ದು ನಾನಾ, ಪುಸ್ತಕಾನಾ?'
ಪುಸ್ತಕ.
ಹಲ್ಲಲ್ಲಿ ದಾರ ಕಡಿಯುತ್ತಾ ನಕ್ಕಳು:
'ನಾಳೆ ನೀವೇ ಬಂದು ಹೇಳಿ ಹಾಗಾದ್ರೆ.'

ಮೆಟ್ರೋ ಹೋಯಿತು. ಕನ್ನಡಿ ನಡುಗಿ ನಿಂತಿತು.
ಸದ್ದು ಇಬ್ಬರಿಗೂ ಕೇಳಿಸಲಿಲ್ಲ,
ಅದಕ್ಕೂ ಒಂದು ಚೀಟಿ ಇದೆ.

ಆಮೇಲೆ ನಾಯಿ ಬಂತು. ಗಂಟೆ, ಅನ್ನ, ಜೊಲ್ಲು.
ಗಂಟೆ, ಜೊಲ್ಲು.
'ಇದು ಬೇಕರಿ ಮುಂದಿನ ಕರಿಯನಿಗೂ ಬರುತ್ತೆ, ಮುಂದೆ ಕೇಳಿ.'
ವಿಲೋಪ ಅಂದರೆ?
'ಗಂಟೆ ಬಾರಿಸ್ತಾನೇ ಇದ್ದು ಅನ್ನ ಹಾಕದೇ ಇದ್ರೆ
ಕೆಲವು ದಿನಕ್ಕೆ ಜೊಲ್ಲು ನಿಲ್ಲುತ್ತೆ.'
ಚೀಟಿಯಲ್ಲೂ ಅದೇ ಇತ್ತು.
ನಾನು ಸರಿ ಅನ್ನಲಿಲ್ಲ.

ಎದುರು ಸಾಲಲ್ಲಿ ಏಳುಮಲೈ ಸೈಕಲ್ ಅಂಗಡಿ ಇತ್ತು.
ಎಂಟೂವರೆಗೆ ಷಟರ್ ಎಳೆದ ಅಂದರೆ
ಗಲ್ಲಿಗೆಲ್ಲ ಗೊತ್ತಾಗುವ ಸದ್ದು, ಕೊನೆಗೆ ಕಾಲಿಂದ ಒಂದು ಒದೆ,
ಆಮೇಲೆ ಮೂಲೆಯಲ್ಲಿ ಬೈಟೂ ಟೀ.
ಹತ್ತೊಂಬತ್ತು ವರ್ಷ. ದೊಡ್ಡ ಮಾತೇನೂ ಆಡಿದವರಲ್ಲ ನಾವು,
ಪಂಕ್ಚರ್ರು, ಪಾಲಿಸ್ಟರ್ರು, ಮಂಡಿ ನೋವು.
ಅವನು ಹೋಗಿ ಮೂರಾಯ್ತು. ಈಗಲ್ಲಿ
ಮೊಬೈಲ್ ಕವರ್ ಮಾರುವ ಹುಡುಗ.
ಷಟರ್ ಅದೇ, ಸದ್ದು ಅದೇ, ಒದೆಯೂ ಬೇಕೇ ಬೇಕು ಅದಕ್ಕೆ.
ಮೊದಮೊದಲು ದಿನಾ ನಾಲಿಗೆ ನೆನೆಯುತ್ತಿತ್ತು,
ಆಮೇಲೆ ನಿಂತಿತು. ನಿಂತೇ ಹೋಯ್ತು ಅಂದುಕೊಂಡೆ.
ಈ ಸಲ ದೀಪಾವಳಿಗೆ ಹುಡುಗ ಊರಿಗೆ ಹೋಗಿ
ಐದು ದಿನ ಅಂಗಡಿ ಮುಚ್ಚಿ, ಮತ್ತೆ ತೆರೆದ ಮೊದಲ ರಾತ್ರಿ
ಷಟರ್ ಬಿತ್ತು:
ನಾನು ಇಸ್ತ್ರಿ ಆರಿಸಿ, ಚಪ್ಪಲಿ ಮೆಟ್ಟಿ,
ಕೊರಳಲ್ಲಿ ಟೇಪು ಹಾಗೇ,
ರಸ್ತೆಯ ನಡುವೆ ನಿಂತಿದ್ದೆ.
ಆಟೋದವನು ಬೈದ.

ನನಗೊಂದು ನಾಯಿ ಗೊತ್ತು, ಅಂದೆ,
ಅದು ನಿಲ್ಲಿಸಲಿಲ್ಲ.
ಅವಳು ತಲೆ ಎತ್ತಲಿಲ್ಲ.
'ನಡುವೆ ಬಿಡುವು ಇತ್ತಾ? ಮುಂದಿನ ಚೀಟಿ ನೋಡಿ, ಮಾಸ್ಟ್ರೇ.'

ನೋಡಿದೆ. ಸ್ವಯಂ ಪುನಃಪ್ರಾಪ್ತಿ:
ಬಿಡುವಿನ ನಂತರ, ಅನ್ನವಿಲ್ಲದೆಯೂ,
ಗಂಟೆಗೆ ಜೊಲ್ಲು ಮರಳುವುದು. ಮೊದಲಿಗಿಂತ ಕಡಿಮೆ.
ಕೆಂಪು ಪೆನ್ನಲ್ಲಿ: ಎರಡು ಅಂಕ.

ಅಷ್ಟೇನಾ?
'ಉದಾಹರಣೆ ಕೊಟ್ರೆ ಇನ್ನೊಂದು.'

ಮೂರು ರವಿಕೆ ಬಾಕಿ ಇತ್ತು.
ಎದುರುಗಡೆ ಷಟರ್ ಇಳಿಯಿತು, ಒದೆ ಬಿತ್ತು.
ಅವಳ ಸೂಜಿ ನಿಂತಿತು,
ಕಣ್ಣು ಮೆಷೀನಿನ ಕೆಳಗೆ, ನನ್ನ ಕಾಲಿನ ಮೇಲೆ.
ಚೀಟಿಗಳನ್ನ ಇಸ್ಪೀಟಿನ ಹಾಗೆ ಕಲಸಿ
ಕೈಗೆ ಸಿಕ್ಕಿದ್ದನ್ನ ಓದಿದೆ:
ಅಲ್ಪಾವಧಿ ಸ್ಮೃತಿ ಎಷ್ಟು ಹಿಡಿಯುತ್ತೆ?

'ಏಳು,' ಅಂದಳು.
ನಾನು ಏಳಲಿಲ್ಲ.