ಣ ಪುಟ

ಹಗಲು ನಾನು ಲಾರಿ ತೂಗುವವಳು.
ಹಾಸನದ ಆಲೂಗಡ್ಡೆ ಮಂಡಿಯ ಗೇಟಿನಲ್ಲಿ
ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಒಮ್ಮೆ,
ನಡುವಿನ ವ್ಯತ್ಯಾಸಕ್ಕೆ ನನ್ನ ಸಹಿ.

ರಾತ್ರಿ ರಾಕ್ಷಸರನ್ನು ತೂಗುತ್ತೇನೆ.

ಮೂರು ವರ್ಷದ ಭಾನುವಾರಗಳು
ಒಂದು ಬಿಸ್ಕತ್ತಿನ ಡಬ್ಬದಲ್ಲಿವೆ:
ತೂಕದ ಚೀಟಿಯ ಹಿಂಬದಿ, ಮದುವೆ ಕಾರ್ಡಿನ ಒಳಮೈ,
ಧರಣೇಂದ್ರನ ಪಂಪ್‌ಸೆಟ್ ಅಂಗಡಿಯ ಬಿಲ್ಲು,
ಸಿಕ್ಕಿದ್ದರ ಮೇಲೆಲ್ಲ ಗೀಚಿಟ್ಟ
ಬಲ, ಚುರುಕು, ಮೈಗಟ್ಟು, ಪ್ರಾಣ ಇಷ್ಟು, ಕಚ್ಚಿದರೆ ಇಷ್ಟು.
ಗೋಣಿಭೂತದ ಹಲ್ಲಿನ ಲೆಕ್ಕ ಒಂದು ಕಡೆ,
ಅದರ ಹೊಟ್ಟೆಯ ಲೆಕ್ಕ ಇನ್ನೆಲ್ಲೋ.
ಆಟದ ನಡುವೆ ಹುಡುಕುತ್ತ ಕೂತರೆ
ಜುಬೇದಾ ದಾಳವನ್ನು ಅಂಗೈಯಲ್ಲೇ ಹಿಡಿದು ಆಕಳಿಸುತ್ತಾಳೆ:
"ನಿನ್ನ ಭೂತಕ್ಕೊಂದು ಆಧಾರ್ ಕಾರ್ಡು ಮಾಡಿಸೇ."

ಅದಕ್ಕೇ ಈ ಕೆಂಪು ರಟ್ಟಿನ ಖಾತೆ ಪುಸ್ತಕ,
ಸಂತೇಪೇಟೆಯಲ್ಲಿ ನೂರ ನಲವತ್ತು ರೂಪಾಯಿ.
ಜಮೆಯ ಮನೆಯಲ್ಲಿ ಪ್ರಾಣ,
ಖರ್ಚಿನ ಮನೆಯಲ್ಲಿ ಏಟು,
ಬಾಕಿ ಸೊನ್ನೆಯಾದರೆ ಅಡ್ಡಗೆರೆ.

ಯಾವ ಕ್ರಮದಲ್ಲಿ ಇಡಲಿ?
ಇರುವ ಜಾಗದಂತೆ ಇಟ್ಟು ನೋಡಿದೆ. ಲಾರಿನುಂಗ
ಶಿರಾಡಿ ಘಾಟಿಯಿಂದ ಬಿ.ಎಂ. ರೋಡಿನವರೆಗೆ
ಮನಸ್ಸು ಬಂದಂತೆ ಅಲೆಯುತ್ತದೆ, ಅದಕ್ಕೆ ವಿಳಾಸವಿಲ್ಲ.
ಕೊನೆಗೆ ಅ ಆ ಇ ಈ ಎಂದು
ಅಂಚು ಕತ್ತರಿಸಿ ಅಕ್ಷರ ಅಂಟಿಸಿದೆ.
'ಕ'ಗೆ ಜಾಗ ಸಾಲಲಿಲ್ಲ.
ಕೆಸರುಗಣ್ಣ, ಕೊಳವೆಹಾವು, ಕಿವಿಗಳ್ಳಿ,
ಹೆದರಿಸಲು ನಮಗೆ ಕಕಾರವೇ ಬೇಕೇನೋ.
'ಣ' ಬಂತು. ಖಾಲಿ.
ಆ ಅಕ್ಷರದಲ್ಲಿ ಯಾವ ಹೆಸರೂ ಹುಟ್ಟುವುದಿಲ್ಲ,
ಯಾವ ರಾಕ್ಷಸಿಯೂ ತನ್ನ ಮಗುವನ್ನು ಹಾಗೆ ಕೂಗಿ ಕರೆದಿಲ್ಲ.
ಆದರೂ ಪುಟ ಬಿಟ್ಟೆ, ಮಾಲೆಯ ತೂಕ ತಪ್ಪಬಾರದಲ್ಲ.

'ಹ' ಪುಟಕ್ಕೆ ಹಗೇವುಬಾಯಿಯನ್ನು ಇಳಿಸುವಾಗ
ಹಳೆಯ ಚೀಟಿಯನ್ನು ದೀಪದ ಹತ್ತಿರ ಹಿಡಿದೆ.
ಪ್ರಾಣ: ೩೪.
ಕಾಫಿ ಲೋಟದ ತಳ ಬಿಟ್ಟ ಕಂದು ಬಳೆ
ಮೂರಕ್ಕೊಂದು ಬಾಲ ಕೊಟ್ಟು ಆರು ಮಾಡಿತ್ತು.
ಅಂದು ನಾನು ಓದಿದ್ದು ಅರವತ್ತನಾಲ್ಕು.

ನೆನಪಿದೆ. ಶೆಟ್ಟಿಹಳ್ಳಿಯ ಇಗರ್ಜಿ, ನಮ್ಮ ಆಟದೊಳಗಿನದು,
ಹೇಮಾವತಿಯ ನೀರು ಕಿಟಕಿಯವರೆಗೆ.
ಜುಬೇದಾಳ ಬಾಣ ಹನ್ನೊಂದು.
ಧರಣೇಂದ್ರನ ಕೊಡಲಿ ಒಂಬತ್ತು.
ಅಂತೋಣಿಯ ಕಳ್ಳ ಮಿಣುಕ, ಕಂಬದಿಂದ ಜಿಗಿದು, ಚಾಕು, ಹದಿನಾಲ್ಕು.
ಕೂಡಿ ನೋಡಿ. ನಾನು ಮೂರು ಸಲ ಕೂಡಿದೆ.
ಅಲ್ಲಿಗೇ ಮುಗಿದಿತ್ತು.
ನಾನು ಹೇಳಿದ್ದೆ: "ಅದು ಇನ್ನೂ ಬಾಯಿ ತೆರೆದೇ ಇದೆ."
ಮುಂದಿನ ಸುತ್ತಿನಲ್ಲಿ ಅದು ಮಿಣುಕನನ್ನು ನುಂಗಿತು.

ಅಂತೋಣಿ ಏನೂ ಅನ್ನಲಿಲ್ಲ.
ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿತ್ತು
ಕೆಳಗೆ ಹೋಗಿ ಎಲ್ಲರಿಗೂ ಟೀ ತಂದ,
ತನಗೆ ತರುವುದನ್ನು ಮರೆತ.

ಗೇಟಿನಲ್ಲಿ ಮೂವತ್ತು ಕಿಲೋ ಹೆಚ್ಚು ತೋರಿಸಿದರೆ
ಡ್ರೈವರ್ ಬೈದರೂ ಬಿಡದೆ
ಗಾಡಿ ಹಿಂದಕ್ಕೆ ತೆಗೆಸಿ ಮತ್ತೆ ಹತ್ತಿಸುತ್ತೇನೆ.
ಇಲ್ಲಿ ಯಾವ ಗಾಡಿಯನ್ನು ಹಿಂದಕ್ಕೆ ತೆಗೆಸಲಿ?

ಮಿಣುಕನ ಹಾಳೆ ಬಿಚ್ಚಿದೆ. ಮಡಿಕೆಯ ಗೆರೆ
ಸರಿಯಾಗಿ 'ವರ್ಚಸ್ಸು' ಎಂಬಲ್ಲಿ ಹರಿದಿತ್ತು.
'ಮ'ದಲ್ಲಿರುವವರೆಲ್ಲ ಬದುಕಿರುವವರು,
ಸತ್ತವರಿಗೆ ನಾನು ಜಾಗವನ್ನೇ ಇಟ್ಟಿರಲಿಲ್ಲ.
ತಿರುವಿ ತಿರುವಿ ಮತ್ತೆ ಣ.
ಯಾರೂ ಹುಟ್ಟದ ಅಕ್ಷರ. ಆದರೆ ಪ್ರಾಣ, ಋಣ, ಮರಣ
ನಡೆದು ಬಂದು ಕೂರುವುದು ಅದರ ಜಗಲಿಯ ಮೇಲೇ.

ಬರೆದೆ:
ಮಿಣುಕ. ಕಳ್ಳ. ಬಲ ಎಂಟು, ಚುರುಕು ಹದಿನೇಳು.
ಬಾಕಿ ಮೂವತ್ತು, ನನ್ನ ಕಡೆಯಿಂದ.

ಭಾನುವಾರ ಹೇಳಬೇಕು. ಟೀಗಿಂತ ಮೊದಲೋ ಆಮೇಲೋ.
ಅವನಾಗಲೇ ಹೊಸಬನನ್ನು ಕಟ್ಟಿದ್ದಾನೆ, ಮೆಸೇಜ್ ಬಂದಿದೆ:
ಒಬ್ಬ ಮುದಿ ಅಂಬಿಗ, ಈಜು ಬರುವುದಿಲ್ಲ,
ಹೆಸರು ಇನ್ನೂ ಇಟ್ಟಿಲ್ಲ.
"ಅಕ್ಕಾ, ನಿನ್ನ ಪುಸ್ತಕದಲ್ಲಿ ಯಾವ ಅಕ್ಷರ ಖಾಲಿ ಇದೆ?"